ಕುತ್ತಿಗೆ ಹಿಂದಿನ ನಾಲ್ಕು ಎಳೆ

ಕೊಳೆತ ಮೊಟ್ಟೆಯ ಮೇಲೆ ಗುಲಾಬಿ ಅತ್ತರು ಚಿಮುಕಿಸಿದರೆ ಎಂಥ ವಾಸನೆ ಬಂದೀತೋ, ಕೂದಲು ನೇರ ಮಾಡುವ ಕ್ರೀಮಿನದು ಅಂಥದೇ ವಾಸನೆ. ಹೋದ ತಿಂಗಳು ಮಗಳ ಜೊತೆ ಪುಣೆಯ ಮಗರಪಟ್ಟಾದ ಒಂದು ಸಲೂನಿಗೆ ಹೋಗಿದ್ದೆ. ಗಾಜಿನ ಬಾಗಿಲು, ತಣ್ಣಗಿನ ಎ.ಸಿ., ಕಾಫಿ ಬೇಕೇ ಎಂದು ಕೇಳುವ ಹುಡುಗಿಯರು ಎಲ್ಲ ಇದ್ದರೂ ಡಬ್ಬಿ ತೆರೆದ ಕೂಡಲೇ ಬಂದ ವಾಸನೆ ಮಾತ್ರ ಹಳೆಯದೇ. "ಪೆಹಲೇ ಕುಛ್ ಲಗಾಯಾ ಥಾ? ಕಲರ್, ಮೆಹಂದಿ?" ಮೊದಲು ತಲೆಗೆ ಏನಾದರೂ ಹಚ್ಚಿದ್ದುಂಟೇ ಎಂದು ಕೆಲಸದ ಹುಡುಗಿ ಕೇಳಿದಳು. ನನ್ನ ಮಗಳು ಮೊಬೈಲಿನಿಂದ ಕಣ್ಣೆತ್ತದೆ, ಎರಡು ತಿಂಗಳ ಹಿಂದೆ ಹಚ್ಚಿದ ಬಣ್ಣವನ್ನು ನಂಬರಿನ ಸಮೇತ ಹೇಳಿದಳು. ಅಷ್ಟೇ. ಆ ಪ್ರಶ್ನೆಗೆ ಉತ್ತರ ಕೊಡುವುದು ಅಷ್ಟು ಸಲೀಸು ಎಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ನನ್ನ ಮದುವೆಗೆ ಮೊದಲಿನ ಮಾತು. ಪುಣೆಯ ನಮ್ಮ ಚಾಳಿನಲ್ಲಿ, ಆ ಸಾಲುಮನೆಗಳ ವಠಾರದಲ್ಲಿ, ಎರಡು ಮನೆ ಆಚೆ ಒಬ್ಬರಿದ್ದರು; ಅತ್ತಿಗೆ ಎನ್ನುವ ಹಾಗೆ ಎಲ್ಲರೂ ಅವರನ್ನು ವೈನಿ ಎನ್ನುತ್ತಿದ್ದರು. ನಮ್ಮ ಹಾಗೇ ಬಾಗಲಕೋಟೆ ಕಡೆಯವರು. ಗಂಡ ತೀರಿಕೊಂಡ ಮೇಲೆ ಆರು ತಿಂಗಳ ಕೋರ್ಸು ಕಲಿತು, ಮುಂದಿನ ಕೋಣೆಗೆ ಒಂದು ಹೂವಿನ ಪರದೆ ಹಾಕಿ, ಅದರ ಹಿಂದೆ ಕನ್ನಡಿ ಮತ್ತು ಕುರ್ಚಿ ಇಟ್ಟು ಪಾರ್ಲರ್ ಶುರು ಮಾಡಿದ್ದರು. ಮೊದಮೊದಲು ಯಾರೂ ಹೋಗಲಿಲ್ಲ. ಗಂಡ ಸತ್ತವಳ ಕೈಯಿಂದ ಮದುವೆ ಹೆಣ್ಣಿನ ತಲೆ ಬಾಚಿಸುವುದುಂಟೇ ಎಂದು ನಲ್ಲಿಯ ಹತ್ತಿರ ಗುಸುಗುಸು ನಡೆಯುತ್ತಿತ್ತು. ಆದರೆ ಬಾಯಿಗಿಂತ ಆಸೆ ದೊಡ್ಡದು. ಒಬ್ಬಳ ಜಡೆ ಚೆಂದ ಕಂಡಿತು, ಇನ್ನೊಬ್ಬಳ ಹೊಟ್ಟು ಹೋಯಿತು... ನಾಲ್ಕು ವರ್ಷದಲ್ಲಿ ಗುಸುಗುಸು ಮಾಡಿದವರೇ ಪರದೆಯ ಹೊರಗೆ ಪಾಳಿ ಹಚ್ಚಿ ಕೂರುವಂತಾಯಿತು.

ವೈನಿಗೆ ಮಾರುವ ಚಪಲ ಇರಲಿಲ್ಲ. ಟಿವಿಯಲ್ಲಿ ನೋಡಿದ ಶಾಂಪೂ ಹಿಡಿದುಕೊಂಡು ಬಂದವರ ಕೈಯಿಂದ ಬಾಟಲಿ ಇಸಿದುಕೊಂಡು, ಹಿಂದಿನ ಸಣ್ಣಕ್ಷರವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿ, "ತಲಿ ನೋಡಿ ಬಾಟ್ಲಿ ತಗೋಬೇಕ್ರಿ, ಬಾಟ್ಲಿ ನೋಡಿ ತಲಿ ಕೊಡಬಾರದು" ಎನ್ನುತ್ತಿದ್ದರು. ಜಿಡ್ಡು ತಲೆಯವರಿಗೆ ಸೀಗೆಪುಡಿ ಸಾಕು ಎಂದು ವಾಪಸ್ ಕಳಿಸುತ್ತಿದ್ದರು. ಕಂಡೀಷನರನ್ನು ಎಣ್ಣೆಯ ಹಾಗೆ ಬುಡಕ್ಕೆ ತಿಕ್ಕಿಕೊಂಡು, ಕೂದಲು ಉದುರುತ್ತದೆ ಎಂದು ಅಳುತ್ತ ಬಂದವರಿಗೆ, ಅದು ತುದಿಗಷ್ಟೇ ಎಂದು ಸ್ವತಃ ಹಚ್ಚಿ ತೋರಿಸುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಪರೀಕ್ಷೆ ಮಾಡದೆ ಯಾರ ತಲೆಗೂ ನೇರ ಮಾಡುವ ಕ್ರೀಮು ಮುಟ್ಟಿಸುತ್ತಿರಲಿಲ್ಲ. ಕರಿಮೆಹಂದಿ ಹಚ್ಚಿದ ಕೂದಲು ಅದಕ್ಕೆ ಕರಗಿಹೋಗುತ್ತದೆ ಎನ್ನುತ್ತಿದ್ದರು. ನಾಲ್ಕು ಎಳೆ ಕತ್ತರಿಸಿ, ಸ್ಟೀಲಿನ ಬಟ್ಟಲಲ್ಲಿ ಇಟ್ಟು ಕ್ರೀಮು ಸವರಿ ಮುಚ್ಚಿ, ಅರ್ಧ ತಾಸಿನ ಮೇಲೆ ತೊಳೆದು ಎಳೆದು ನೋಡುತ್ತಿದ್ದರು. ರಬ್ಬರಿನ ಹಾಗೆ ಜಗ್ಗಿತೋ, ತುಂಡಾಯಿತೋ, ಯಾರು ಎಷ್ಟು ಗೋಗರೆದರೂ ಆಗುವುದಿಲ್ಲ ಎಂದರೆ ಆಗುವುದಿಲ್ಲ.

ನನಗೆ ಇಪ್ಪತ್ತೆರಡಕ್ಕೇ ತಲೆ ನೆರೆಯಲು ಶುರುವಾಗಿತ್ತು. ತಲೆಯ ಹಿಂದೆ ಒಂದೂ ಬಿಳಿ ಕೂದಲಿಲ್ಲ. ಎಲ್ಲ ಹಣೆಯ ಮೇಲೆ, ಎರಡೂ ಕಿವಿಯ ಮೇಲ್ಬದಿಗೆ, ನೋಡುವವರಿಗೆ ಮೊದಲು ಕಾಣುವ ಜಾಗದಲ್ಲೇ. ಅವ್ವ ಎರಡು ವಾರಕ್ಕೊಮ್ಮೆ ಕದದ ಅಗುಳಿ ಹಾಕಿ, ಪೇಟೆಯಿಂದ ತಂದ ಕರಿಮೆಹಂದಿಯ ಪುಡಿ ಕಲಸಿ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅಷ್ಟಕ್ಕೇ ಹಚ್ಚುತ್ತಿದ್ದಳು. ಖಾಲಿ ಪೊಟ್ಟಣ ಚಾಳಿನ ಕಸದ ಬುಟ್ಟಿಗೆ ಬೀಳಬಾರದೆಂದು ಅಪ್ಪ ಅದನ್ನು ಕೆಲಸಕ್ಕೆ ಹೋಗುವಾಗ ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದ. ನೆರೆದ ತಲೆಯ ಹೆಣ್ಣು ಎಂದು ಒಮ್ಮೆ ಬಾಯಿಗೆ ಬಿದ್ದರೆ ಪುಣೆಯಿಂದ ಬಾಗಲಕೋಟೆಯವರೆಗೆ ಸುದ್ದಿ ಮುಟ್ಟುತ್ತದೆ ಎಂಬ ಭಯ. "ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂದಾರ, ನಾವು ಒಂದ ಮುಚ್ಚಿಡಾಕತ್ತೀವಿ" ಎನ್ನುತ್ತಿದ್ದಳು ಅವ್ವ.

ಒಂದು ಒಳ್ಳೆಯ ಸಂಬಂಧ ಬಂತು. ಹುಡುಗನ ತಾಯಿಗೆ ನನ್ನ ಗುಂಗುರು ಕೂದಲು ಫೋಟೋದಲ್ಲಿ ಹಿಡಿಸಲಿಲ್ಲವಂತೆ. ಆದರೂ ಮರುದಿನ ನೋಡಲು ಬರುವವರಿದ್ದರು. ಕೂದಲು ನೇರ ಮಾಡಿಸಲೆಂದು ಅವ್ವ ನನ್ನನ್ನು ವೈನಿಯ ಕುರ್ಚಿಯಲ್ಲಿ ಕೂರಿಸಿ ಅಡುಗೆಗೆ ಓಡಿದಳು.

"ತಲಿಗೆ ಏನರ ಹಚ್ಚಿದ್ದಿಯೇನು ತಂಗಿ? ಬಣ್ಣ, ಕರಿಮೆಹಂದಿ?" ಎಂದು ವೈನಿ ಎಲ್ಲರನ್ನೂ ಕೇಳುವ ಹಾಗೆ ನನ್ನನ್ನೂ ಕೇಳಿದರು.

"ಏನೂ ಇಲ್ರಿ ವೈನಿ. ಬರೇ ಕೊಬ್ಬರಿ ಎಣ್ಣಿ."

ಅವರು ಕತ್ತರಿ ತೆಗೆದುಕೊಂಡು ನನ್ನ ಹಣೆಯ ಹತ್ತಿರ ಕೈ ತಂದರು. ಮುಂದಿನ ಕೂದಲು ನಾಜೂಕು, ಅದನ್ನೇ ಪರೀಕ್ಷೆ ಮಾಡಬೇಕು ಎಂಬುದು ಅವರ ಲೆಕ್ಕ. ನಾನು ಥಟ್ಟನೆ ತಲೆ ಹಿಂದೆ ಸರಿಸಿದೆ. "ಮುಂದ ಬ್ಯಾಡ್ರಿ ವೈನಿ, ನಾಳೆ ನೋಡಾಕ ಬರ್ತಾರ, ಕತ್ತರಿಸಿದ್ದು ಕಾಣ್ತದ" ಎಂದು ಹೇಳಿ, ಕುತ್ತಿಗೆಯ ಹಿಂದಿನಿಂದ ನಾಲ್ಕು ಎಳೆ ನಾನೇ ಬೇರ್ಪಡಿಸಿ ಕೊಟ್ಟೆ. ಮೆಹಂದಿ ಎಂದೂ ಸೋಕದ ಎಳೆ. ವೈನಿ ಒಂದು ಗಳಿಗೆ ಅನುಮಾನಿಸಿದರು... ಆಮೇಲೆ ನಕ್ಕು, ಕತ್ತರಿಸಿಕೊಂಡರು. ಪರೀಕ್ಷೆ ಪಾಸಾಯಿತು. ಆಗದೆ ಏನು?

ತಲೆಗೆಲ್ಲ ಹಚ್ಚಿದ ಕ್ರೀಮು ತೊಳೆಯುವಾಗ ಮೊದಲ ಗೊಂಚಲು ವೈನಿಯ ಕೈಗೆ ಬಂತು. ಆಮೇಲೆ ಇನ್ನೊಂದು. ನೋವಿಲ್ಲ, ಶಬ್ದವಿಲ್ಲ, ನೆನೆದ ಶಾವಿಗೆಯ ಹಾಗೆ ಕೂದಲು ಜಾರಿ ಮೋರಿಗೆ ಹೋಗುತ್ತಿತ್ತು. ವೈನಿ ಕೊಡದ ಮೇಲೆ ಕೊಡ ನೀರು ಸುರಿದರು. ಕನ್ನಡಿಯಲ್ಲಿ ನೋಡಿಕೊಂಡರೆ ಹಣೆಯಿಂದ ನಾಲ್ಕು ಬೆರಳು ಹಿಂದಿನವರೆಗೆ ಕೊಯ್ದ ಹೊಲದ ಹಾಗೆ ಕೂಳೆಯಷ್ಟೇ ಉಳಿದಿತ್ತು.

ಅವ್ವ ಬಂದಳು, ನೋಡಿದಳು. ಒಂದು ಕ್ಷಣ ನನ್ನ ಕಣ್ಣಲ್ಲಿ ಕಣ್ಣಿಟ್ಟಳು. ಏನಾಗಿದೆ ಎಂದು ಅವಳಿಗೆ ಅಷ್ಟರಲ್ಲೇ ತಿಳಿದಿತ್ತು, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಆಮೇಲೆ ಪರದೆ ಸರಿಸಿ ಹೊರಗೆ ಹೋಗಿ, ಪಡಸಾಲೆಯ ಕಟಕಟೆ ಹಿಡಿದು ನಿಂತು, ತನ್ನ ಮಗಳ ಬಾಳು ಹಾಳು ಮಾಡಿದಳು ಎಂದು ಮರಾಠಿಯಲ್ಲಿ ಕಿರುಚಿದಳು: "ಮಾಝ್ಯಾ ಪೋರೀಚಂ ವಾಟೋಳಂ ಕೇಲಂ ಹಿನೇ!" ಮನೆಯ ಜಗಳಕ್ಕೆ ನಮಗೆ ಕನ್ನಡ ಸಾಕಾಗುತ್ತಿತ್ತು. ಮೂರು ಮಾಳಿಗೆಯ ಮುಂದೆ ಒಬ್ಬರ ಮರ್ಯಾದೆ ತೆಗೆಯಲು ಮರಾಠಿಯೇ ಬೇಕಾಯಿತು. ಗಂಡ ಸತ್ತವಳ ಕೈ ಎಂಬ ಮಾತು, ನಾಲ್ಕು ವರ್ಷ ಎಲ್ಲಿ ಅಡಗಿತ್ತೋ, ಆ ಸಂಜೆಯೊಳಗೆ ಎಲ್ಲರ ಬಾಯಿಗೂ ಬಂದು ಕುಳಿತಿತ್ತು. ವೈನಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಎಂಟು ದಿನದ ಮೇಲೆ, ಅವ್ವ ಇಲ್ಲದ ಹೊತ್ತು ನೋಡಿ ಅವರು ಬಂದರು. ಕೈಯಲ್ಲಿ ಲೋಳೆಸರದ ತಿರುಳು ಕುದಿಸಿದ ಎಣ್ಣೆ ಇತ್ತು. ಬಾಚಣಿಗೆ ಮುಟ್ಟಿಸಬೇಡ, ಬೆರಳಲ್ಲೇ ಹಚ್ಚು ಎಂದು ತೋರಿಸಿಕೊಟ್ಟರು. ಹೋಗುವ ಮುಂದೆ ಹೊಸ್ತಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ ಕೇಳಿದರು: "ಖರೇ ಹೇಳು ತಂಗಿ, ಏನರ ಹಚ್ಚಿದ್ದಿಯೇನು? ಯಾರ ಮುಂದೂ ಬಾಯಿ ಬಿಡಂಗಿಲ್ಲ. ನನ್ನ ಕೈ ತಪ್ಪಿತೋ ಏನಾತೋ, ಅಷ್ಟ ಗೊತ್ತಾದ್ರ ಸಾಕು ನನಗ."

"ಏನೂ ಇಲ್ರಿ ವೈನಿ" ಎಂದೆ.

ಮೊದಲ ಸಲ ಹೇಳಿದ್ದು ಭಯಕ್ಕೆ. ಅದನ್ನು ಬೇಕಾದರೆ ವಯಸ್ಸಿನ ಮೇಲೆ ಹಾಕಬಹುದು. ಆದರೆ ಆ ಎರಡನೆಯ ಸಲ... ಅದಕ್ಕೆ ನನ್ನ ಬಳಿ ಹೆಸರಿಲ್ಲ. ಅವರು ನ್ಯಾಯ ಕೇಳಲು ಬಂದಿರಲಿಲ್ಲ. ತಮ್ಮ ಕೈಯನ್ನು ತಾವು ನಂಬಬಹುದೇ ಎಂದಷ್ಟೇ ಕೇಳಲು ಬಂದಿದ್ದರು.

ಪರದೆಯ ಹೊರಗಿನ ಪಾಳಿ ಕರಗಿತು. ಮತ್ತೆರಡು ತಿಂಗಳಲ್ಲಿ ವೈನಿ ಕುರ್ಚಿ, ಕನ್ನಡಿ ಮಾರಿ, ತಮ್ಮನ ಮನೆ ಇದ್ದ ಕುರಕುಂಭದ ಕಡೆಗೆ ಹೊರಟುಹೋದರು. ನನಗೆ ವಿಷಮಶೀತ ಜ್ವರ ಬಂದು ಕೂದಲು ಉದುರಿತೆಂದು ಹುಡುಗನ ಕಡೆಯವರಿಗೆ ಅವ್ವ ಹೇಳಿದಳು. ಕೂದಲು ಬೆಳೆದ ಮೇಲೆ ಅದೇ ಹುಡುಗನ ಜೊತೆ ಮದುವೆಯೂ ಆಯಿತು. ಮದುವೆಯಾದ ವಾರಕ್ಕೆ ಗಂಡನ ಕಪಾಟಿನಲ್ಲಿ ಅಂಗಿ ಹುಡುಕುವಾಗ ಅದೇ ಕರಿಮೆಹಂದಿಯ ಪೊಟ್ಟಣ ಸಿಕ್ಕಿತು. ಅವರಿಗೂ ಇಪ್ಪತ್ತೈದಕ್ಕೇ ತಲೆ ನೆರೆದಿತ್ತಂತೆ, ನೋಡಲು ಬರುವ ಹಿಂದಿನ ದಿನ ಹಚ್ಚಿಕೊಂಡಿದ್ದರಂತೆ. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಾನೂ ನಕ್ಕೆ, ಅದೇ ನನಗೆ ಇವತ್ತಿಗೂ ಅರಗದ ನೆನಪು.

ಈಗ್ಗೆ ಮೂರು ವರ್ಷದ ಹಿಂದೆ ಜೇಜುರಿಯ ಗುಡಿಯ ಮೆಟ್ಟಿಲ ಮೇಲೆ ವೈನಿಯ ತಮ್ಮನ ಹೆಂಡತಿ ಸಿಕ್ಕರು. ವೈನಿ ತೀರಿಕೊಂಡು ಆಗಲೇ ವರ್ಷವಾಗಿತ್ತು. ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುತ್ತಿದ್ದರಂತೆ. ಮನೆಯ ಹೆಣ್ಣುಮಕ್ಕಳು ಜಡೆ ಹಾಕಿಕೊಡು ಎಂದು ಕೂತರೂ, "ನನ್ನ ಕೈ ಬ್ಯಾಡ" ಎಂದು ಎದ್ದು ಹೋಗುತ್ತಿದ್ದರಂತೆ.

ಮಗಳ ಜೊತೆ ಸಲೂನಿನಿಂದ ಬಂದ ಮರುದಿನವೇ ನಾನು ಹಳೆಯ ಚಾಳಿಗೆ ಹೋದೆ. ಅವ್ವ ಈಗಿಲ್ಲ. ಆ ಕಾಲದವರಲ್ಲಿ ಉಳಿದಿರುವುದು ಎದುರು ಮನೆಯ, ಚಿಕ್ಕಮ್ಮನೆಂದು ನಾವೆಲ್ಲ ಕಾಕು ಎನ್ನುತ್ತಿದ್ದ ಮುದುಕಿ ಒಬ್ಬರೇ. ಅಂದು ಎಲ್ಲರಿಗಿಂತ ಮೊದಲು ವೈನಿಯ ಕೈಯ ಮಾತು ಎತ್ತಿದವರು. ಅವರ ಮುಂದೆ ಕುಳಿತು ಎಲ್ಲ ಹೇಳಿದೆ. ಮೆಹಂದಿ, ಹಿಂದಿನಿಂದ ಕೊಟ್ಟ ಎಳೆ, ಹೊಸ್ತಿಲಲ್ಲಿ ಹೇಳಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅಳು ಬಂತು.

ಕಾಕು ನನ್ನ ಬೆನ್ನು ಸವರಿದರು. "ಹೋಗ್ಲಿ ಬಿಡವಾ. ಸತ್ತಾಕಿ ಮ್ಯಾಲೆ ಅಪವಾದ ಇರಬಾರದಂತ ನೀ ನಿನ್ನ ತಲಿ ಮ್ಯಾಲೆ ಹಾಕ್ಕೊಳ್ಳಾಕತ್ತಿ. ನಿನ್ನ ಮನಸು ಭಾಳ ದೊಡ್ಡದು."

ಇಲ್ರಿ ಕಾಕು, ಖರೇನೇ ಹೇಳಾಕತ್ತೀನಿ ಎಂದು ಮೂರು ಸಲ ಅಂದೆ. ಅವರು ನಂಬಲಿಲ್ಲ. ಕುಂಕುಮ ಹಚ್ಚಿ, ಪಕ್ಕದ ಮನೆಯ ಹೊಸ ಸೊಸೆಯನ್ನು ಕರೆದು, ಎಂಥ ಗುಣದ ಹೆಣ್ಣುಮಗಳು ನೋಡು ಎಂದು ನನ್ನನ್ನು ತೋರಿಸಿದರು. ಆ ಹುಡುಗಿ ಬಾಗಿ ನನ್ನ ಕಾಲು ಮುಟ್ಟಿದಳು. ನಾನು ಬೇಡ ಎನ್ನುವಷ್ಟರಲ್ಲಿ ಮುಟ್ಟಿಯಾಗಿತ್ತು.