ಶ್ರಾವಣ ಸೋಮವಾರದ ಹೂವು

ಸಂಶಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ದಾವೂದಸಾಬರ ಫೋಟೋ ಸ್ಟುಡಿಯೋ ಇತ್ತು. ಮೂವತ್ತು ವರ್ಷ ಸುತ್ತಲಿನ ಹಳ್ಳಿಗಳ ಮದುವೆಯ ಫೋಟೋಗಳನ್ನೆಲ್ಲ ತೆಗೆದವರು ಅವರು. ಮೊಬೈಲು ಬಂದು ಗಿರಾಕಿ ಕಡಿಮೆಯಾದ ಮೇಲೂ ಸುಮ್ಮನೆ ಕೂಡಲಿಲ್ಲ. ಕ್ಯಾಮೆರಾ ಹೆಗಲಿಗೇರಿಸಿ ಹೊಲದ ಬದುಗಳನ್ನು ಸುತ್ತತೊಡಗಿದರು. ಎರೆಭೂಮಿಯಲ್ಲಿ ಕಾಡುಗಿಡ ಉಳಿಯುವುದು ಬದುವಿನಲ್ಲಷ್ಟೇ. ಉಳಿದದ್ದೆಲ್ಲ ನೆಲ ಉಳುವ ರೆಂಟೆಯ ಪಾಲು. ತೆಗೆದ ಚಿತ್ರಗಳನ್ನು ಅಂಗಡಿಯಲ್ಲಿ ಉಳಿದುಹೋಗಿದ್ದ ಮದುವೆಯ ಆಲ್ಬಮ್ಮುಗಳಲ್ಲಿ ಅಂಟಿಸಿ, ಹಳ್ಳಿಯ ಮುದುಕಿಯರಿಂದ ಕೇಳಿ ತಿಳಿದ ಹೆಸರನ್ನು ಕೆಳಗೆ ಬರೆಯುತ್ತಿದ್ದರು. ಅರಳದ ಹೂವಿಗೆ ಆ ಆಲ್ಬಮ್ಮಿನಲ್ಲಿ ಜಾಗವಿರಲಿಲ್ಲ. ಹಾಗಾಗಿಯೇ ಒಂದು ಹಾಳೆ ಮೂರು ವರ್ಷದಿಂದ ಖಾಲಿ ಉಳಿದಿತ್ತು.

ಅದು ಸುಶೀಲವ್ವನವರ ಹೊಲದ ಬದುವಿನ ಬಳ್ಳಿಗಾಗಿ ಕಾದಿಟ್ಟ ಹಾಳೆ. ಜಾಲಿಯ ಪೊದೆಯನ್ನು ಸುತ್ತಿಕೊಂಡ, ನೂಲಿನಂಥ ಬಳ್ಳಿ. ಕಿರುಬೆರಳ ತುದಿಯಷ್ಟಿದ್ದ ಅದರ ಮೊಗ್ಗು ಪುಟ್ಟ ಕಂದೀಲಿನ ಹಾಗೆ ಕಾಣುತ್ತಿತ್ತು. ಬೇರೆಲ್ಲಿಯೂ ಅವರಿಗದು ಸಿಕ್ಕಿರಲಿಲ್ಲ. ಮೊದಲ ವರ್ಷ ಆಡು ಮೇಯ್ದವು. ಎರಡನೆಯ ವರ್ಷ ಮಳೆ ಬಡಿಯಿತು. ಹೋದ ವರ್ಷ ಒಂದು ಗೆಡ್ಡೆಯನ್ನೇ ಅಗೆದು ತಂದು ಡಬ್ಬಿಯಲ್ಲಿ ನೆಟ್ಟರು, ಕೊಳೆತುಹೋಯಿತು. ಈ ವರ್ಷ ಸುಶೀಲವ್ವ ಬಾಜೂ ಹೊಲವನ್ನು ಕೊಂಡಿದ್ದರು. ನಡುವಿನ ಬದುವನ್ನು ಒಡೆದು ಎರಡನ್ನೂ ಒಂದು ಮಾಡುವವರಿದ್ದರು. ಈ ಸಲ ತಪ್ಪಿದರೆ ಮುಂದಿನ ಸಲವೆಂಬುದೇ ಇರಲಿಲ್ಲ.

ಶನಿವಾರ ಮೊಗ್ಗು ನೋಡಿದಾಗ, ಸೋಮವಾರ ಹೊತ್ತು ಇಳಿಯುವಾಗ ಅರಳೀತೆಂದು ದಾವೂದಸಾಬರು ಅಂದಾಜು ಮಾಡಿದರು. ಮನಸ್ಸು ನಿರಾಳವಾಯಿತು. ಸೋಮವಾರ ಬಸವಣ್ಣನ ದಿನ. ಊರಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದರಲ್ಲೂ ಶ್ರಾವಣ ಸೋಮವಾರ.

ಸೋಮವಾರ ನಾಲ್ಕರ ಸುಮಾರಿಗೆ ಅವರು ಬದುವಿನ ಮುಂದೆ ಕ್ಯಾಮೆರಾದ ಸ್ಟ್ಯಾಂಡು ಊರುತ್ತಿದ್ದಾಗ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಊರಿನ ಮಾಂತೇಶ ರೆಂಟೆ ಕಟ್ಟಿಕೊಂಡು ಬರುತ್ತಿದ್ದ. ಹಿಂದೆ ಸುಶೀಲವ್ವ, ತಲೆಯ ಮೇಲೆ ಸೆರಗು ಹೊದ್ದು.

“ಇವತ್ತ ಸೋಮವಾರ ಅಲ್ಲೇನ್ರಿ ಸುಶೀಲವ್ವಾ?” ದಾವೂದಸಾಬರು ಕೇಳಿದರು.

“ಹೌದ್ರಿ ಸಾಬರ. ಎತ್ತಿನ ಮೈ ತೊಳದು ಮನ್ಯಾಗ ಕಟ್ಟೇವಿ.”

“ಮತ್ತ ಇದು?”

“ಇದಕ್ಕ ಯಾವ ಸೋಮವಾರರಿ ಕಾಕಾ?” ಮಾಂತೇಶ ಮೇಲಿನಿಂದಲೇ ನಕ್ಕ. “ಇದು ಡಿಜೇಲ್ ಕುಡಿಯೂ ಎತ್ತು.”

ದಾವೂದಸಾಬರು ಬಳ್ಳಿಗೆ ಅಡ್ಡವಾಗಿ ನಿಂತರು. ಅರವತ್ತೆರಡು ವರ್ಷ ಇದೇ ಊರಿನಲ್ಲಿ ಬಾಳಿಯೂ ಟ್ರ್ಯಾಕ್ಟರನ್ನು ಮರೆತಿದ್ದರು.

“ಹೊತ್ತ ಮುಣಗೂತನಕ ಬದುವಿಗೆ ಕೈ ಹಚ್ಚಬ್ಯಾಡ್ರಿ. ಹೂ ಒಂದ ಅರಳಲಿ.”

ಸುಶೀಲವ್ವ ಪಡುವಣದತ್ತ ಕೈ ಮಾಡಿದರು. ಮೋಡ ಕಪ್ಪಗೆ ಕಟ್ಟುತ್ತಿತ್ತು. “ಅದು ಇಳೀತಂದ್ರ ಟ್ರ್ಯಾಕ್ಟರ ಕೆಸರಾಗ ಸಿಗತೈತಿ. ಎಂಟ ದಿನ ಹೊಲದಾಗ ಕಾಲಿಡಾಕಾಗೂದಿಲ್ಲ. ನಿಮ್ಮ ಹೂವಿನ ಸಲುವಾಗಿ ನನ್ನ ಜ್ವಾಳದ ಬಿತ್ತಿಗಿ ನಿಲ್ಲಸಲೇನ?” ಮೊಗ್ಗನ್ನು ಒಮ್ಮೆ ಬಗ್ಗಿ ನೋಡಿ ಹೇಳಿದರು: “ಮೊದಲ ಹೊಲ ಹೊಡೀಲಿ, ಬದು ಕಡೀಕ. ಅಷ್ಟರಾಗ ಅರಳಿದ್ರ ನಿಮ್ಮ ದೈವ.”

ಟ್ರ್ಯಾಕ್ಟರು ಹೊಲದ ದೂರದ ಅಂಚಿನಿಂದ ಶುರು ಮಾಡಿತು. ಹೋಗಿ ಬರುವ ಪ್ರತಿ ಸಾಲೂ ಬದುವಿನ ಕಡೆಗೆ ಒಂದಿಷ್ಟು ಸರಿಯುತ್ತಿತ್ತು. ದಾವೂದಸಾಬರು ಮೊಗ್ಗಿನಿಂದ ಕಣ್ಣು ಕೀಳಲಿಲ್ಲ. ಸಾಲುಗಳನ್ನು ಕಿವಿಯಿಂದಲೇ ಅಳೆದರು. ಐದೂವರೆಗೆ ಮೊಗ್ಗಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಅಷ್ಟೇ. ನೆಲ ನಡುಗಿದಾಗಲೆಲ್ಲ ಮೊಗ್ಗೂ ನಡುಗುತ್ತಿತ್ತು.

ಹತ್ತಿರ ಬಂದಾಗ ಮಾಂತೇಶ ಕೂಗಿದ: “ನನ್ನ ಮದುವ್ಯಾಗ ಅಕ್ಕಿಕಾಳ ಬೀಳೂ ಮುಂದ ನಾ ಕಣ್ಣ ಮುಚ್ಚಿದ್ದೆ. ಕಣ್ಣ ತಗೀಲಿ ಅಂತ ಒಂದ ಚಣಾ ಕಾಯಲಿಲ್ಲ ನೀವು. ಗ್ವಾಡಿ ಮ್ಯಾಲಿನ ಫೋಟೋದಾಗ ಇವತ್ತಿಗೂ ನಿದ್ದಿ ಹೊಡಿಯೂ ಮದಿಮಗನ ಅದಾನ.”

“ಅವತ್ತ ಜನ ನೂಕಿದ್ರೋ ತಮ್ಮಾ.”

“ಇವತ್ತ ನಾ ನೂಕಾಕತ್ತೀನಿ ನೋಡ್ರಿ.”

ಆರರ ಹೊತ್ತಿಗೆ ಹೊಲ ಮುಗಿದು ಬದುವೊಂದೇ ಉಳಿಯಿತು. ಆಗ ಹೂವಿನ ಎಸಳುಗಳು ಬಿಟ್ಟುಕೊಂಡವು. ಜೊತೆಗೇ ಮೋಡದ ಮುಂದಿನ ಗಾಳಿಯೂ ಬೀಸಿತು. ಬಳ್ಳಿ ಜೋಲಿ ಹೊಡೆಯತೊಡಗಿತು. ದಾವೂದಸಾಬರು ಏಳು ಸಲ ಒತ್ತಿದರು, ಏಳೂ ಮಸುಕು. ಕೈಯ ಮೇಲೆ ಒಂದು ಹನಿ ಬಿತ್ತು.

“ಮಾಂತೇಶಾ, ಹೊಡಿ ಬದು,” ಸುಶೀಲವ್ವ ಆ ಕಡೆಯಿಂದ ಕೂಗಿದರು.

ಟ್ರ್ಯಾಕ್ಟರು ನೇರವಾಗಿ ಬಂತು. ದಾವೂದಸಾಬರು ಏಳಲಿಲ್ಲ. ಮಾರು ದೂರದಲ್ಲಿ ಅದು ಅಡ್ಡ ತಿರುಗಿ, ಗಾಳಿಗೂ ಬಳ್ಳಿಗೂ ನಡುವೆ ನಿಂತಿತು. ಎಂಜಿನ್ ಆರಿತು.

“ಕೆಟ್ಟೈತೇನಲೇ?”

“ಕಾದೈತ್ರಿ ದೊಡ್ಡವ್ವಾ. ಎರಡ ಮಿನಿಟ ಆರಲಿ.”

ದೊಡ್ಡ ಗಾಲಿಯ ಮರೆಯಲ್ಲಿ ಬಳ್ಳಿ ಒಮ್ಮೆ ತೂಗಿ ನಿಂತಿತು. ದಾವೂದಸಾಬರು ಉಸಿರು ಹಿಡಿದು ಮೂರು ಸಲ ಒತ್ತಿದರು. ಆಮೇಲೆ ಕ್ಯಾಮೆರಾದ ಪುಟ್ಟ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

ಮಾಂತೇಶ ಬಗ್ಗಿ ಕೇಳಿದ: “ಕಣ್ಣ ತಗದೈತೇನ್ರಿ?”

“ತಗದೈತಿ.”

“ಹಂಗಾರ ಬಾಜೂ ಸರೀರಿ ಕಾಕಾ.”

ಅವರು ಕ್ಯಾಮೆರಾವನ್ನು ಅಂಗಿಯೊಳಗೆ ಸೇರಿಸಿ ಸರಿದು ನಿಂತರು. ರೆಂಟೆ ಇಳಿಯಿತು. ಜಾಲಿಯ ಪೊದೆ ಬುಡಸಹಿತ ಮಗುಚಿ, ಬಳ್ಳಿ ಕರಿಮಣ್ಣಿನಡಿ ಸೇರುವವರೆಗೂ ಅವರು ಮುಖ ತಿರುಗಿಸಲಿಲ್ಲ. ಮಳೆ ಜೋರಾದಾಗ ಮಾಂತೇಶ ಅವರನ್ನು ಟ್ರ್ಯಾಕ್ಟರಿನ ಮೇಲೆ ಹತ್ತಿಸಿಕೊಂಡು ಊರು ಮುಟ್ಟಿಸಿದ.

ಆಲ್ಬಮ್ಮಿನ ಹಾಳೆ ತುಂಬಿತು, ಹೆಸರಿನ ಜಾಗ ಇನ್ನೂ ತುಂಬಿಲ್ಲ. ಈಗ ದಾವೂದಸಾಬರು ಆ ಚಿತ್ರ ಹಿಡಿದು ಕಟ್ಟೆ ಕಟ್ಟೆಯ ಮುದುಕಿಯರ ಮುಂದೆ ಕೂಡುತ್ತಾರೆ. ಎಲ್ಲರೂ ಕೇಳುವುದು ಒಂದೇ ಮಾತು: “ಎಲ್ಲೈತ್ರಿ ಸಾಬರ ಇದು? ತೋರಸ್ರಿ, ಕಣ್ಣಿಂದ ನೋಡಿ ಹೇಳತೀನಿ.”