ಗಾಳಿಗೆ ಬಿಟ್ಟ ಸಂದು

ಆಗ ಕೃಷ್ಣೆಯಲ್ಲಿ ಉಸುಕಿತ್ತು. ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ನನಗೆ ಒಂಬತ್ತು ತುಂಬಿತ್ತೋ ಹತ್ತೋ, ಆ ಗಾಳಿ ಬೀಸಿದ್ದು ಎರಡು ದಿನವೋ ಮೂರೋ, ಈ ವಿಷಯದಲ್ಲಿ ನನ್ನ ನೆನಪಿಗೂ ಅವ್ವನ ನೆನಪಿಗೂ ಹೊಂದುವುದಿಲ್ಲ. ಇಲ್ಲಿ ಬರೆಯುವ ಕೆಲವು ವಿವರ ತಪ್ಪಿರಬಹುದು. ತಪ್ಪಿದ್ದರೆ ಒಳ್ಳೆಯದಿತ್ತು ಎಂದು ಅನೇಕ ಸಲ ಅನ್ನಿಸಿದೆ.

ಸುರಪುರದ ಶಾಲೆಗೆ ಸೂಟಿ ಬಿಟ್ಟ ಮರುದಿನವೇ ನನ್ನನ್ನು ಹೊಳೆದಂಡೆಯ ಅಜ್ಜಿಯ ಊರಿಗೆ ಕಳಿಸುತ್ತಿದ್ದರು. ನಾರಾಯಣಪುರದ ಡ್ಯಾಮಿನಿಂದ ನೀರು ಬಿಡುವುದು ನಿಂತು, ಹೊಳೆ ಆಚೆ ದಂಡೆಗೆ ಸರಿದು ತೆಳ್ಳಗೆ ಹರಿಯುತ್ತಿತ್ತು. ಈಚೆಗೆಲ್ಲ ಉಸುಕೇ. ಮಧ್ಯಾಹ್ನ ಪಡುವಣ ಗಾಳಿ ಎದ್ದರೆ ಉಸುಕು ನೆಲಕ್ಕೆ ಅಂಟಿಕೊಂಡು ಹೊಗೆಯ ಹಾಗೆ ಓಡುತ್ತಿತ್ತು. ಕಾಲಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಬುತ್ತಿಯ ಸಜ್ಜಿ ರೊಟ್ಟಿಯಲ್ಲಿ, ಶೇಂಗಾ ಹಿಂಡಿಯಲ್ಲಿ ಕರಕರ ಅನ್ನುತ್ತಿತ್ತು. ಗಾಳಿ ನಿಂತಾಗ ನೋಡಿದರೆ ಮೊಣಕಾಲೆತ್ತರದ ದಿಬ್ಬಗಳು ಎದ್ದಿರುತ್ತಿದ್ದವು. ಗಾಳಿ ಬರುವ ಕಡೆ ಸಾವಕಾಶ ಏರು, ಗಾಳಿ ಹೋಗುವ ಕಡೆ ಜರ್ರನೆ ಜಾರುವ ಇಳಿಜಾರು, ಎರಡೂ ಬದಿಗೆ ಅತ್ತಲೇ ಚಾಚಿದ ಕೊಂಬು. ನಾವು ಹುಡುಗಿಯರು ಒಬ್ಬೊಬ್ಬರು ಒಂದೊಂದು ದಿಬ್ಬ ಹಿಡಿದು, ಕೊಂಬಿನ ತುದಿಗೆ ಕಡ್ಡಿ ನೆಡುತ್ತಿದ್ದೆವು. ಮರುದಿನ ಯಾರ ದಿಬ್ಬ ಕಡ್ಡಿ ದಾಟಿದೆಯೋ ಅವಳು ಗೆದ್ದಳು.

"ನಂದು ಒಂದು ಗೇಣು ನಡದದ ನೋಡು."

"ಕಡ್ಡಿ ಕಿತ್ತು ಹಿಂದಕ್ಕ ಇಟ್ಟಿ, ಕಳ್ಳಿ."

ಆ ಬೇಸಿಗೆ ಚಿಗವ್ವ ಅಲ್ಲಿದ್ದಳು. ಅವ್ವನ ತಂಗಿ. ಗಂಡ ಎರಡನೇ ಸಲ ಹೊರಗೆ ಹಾಕಿದ್ದ. ತವರಿನಲ್ಲಿ ಉಳಿಯುತ್ತೇನೆ ಎಂದಳು. ಮಾಮಾ ರೊಟ್ಟಿ ಮುರಿಯುತ್ತ ಹೇಳಿದ್ದು ನನಗೆ ಕೇಳಿತ್ತು.

"ಒಂದ್ ಬ್ಯಾಸಗಿ ನೋಡ್ತೀನಿ. ಹೊಳಿಯಾಗ ಬಳ್ಳಿ ಹಾಕು. ನಿನ್ ಹೊಟ್ಟಿಗಿ ನೀನು ದುಡ್ಕೊಂಡಿ ಅಂದ್ರ ಇರು. ಇಲ್ಲಂದ್ರ ಬಂಡಿ ಕಟ್ಟತೀನಿ, ಗಂಡನ ಮನಿಗಿ ನಡಿ."

"ಕಟ್ಟೋದು ಬ್ಯಾಡ ಬಿಡೋ ಅಣ್ಣಾ. ಎತ್ತಿಗಿ ಯಾಕ ತ್ರಾಸು," ಎಂದು ಚಿಗವ್ವ ನಕ್ಕಳು.

ಉಸುಕಿನಲ್ಲಿ ಹಸಿ ಸಿಗುವ ತನಕ ಕುಣಿ ತೋಡಿ, ತಿಪ್ಪೆಗೊಬ್ಬರ ತುಂಬಿ, ಕಲ್ಲಂಗಡಿ ಬೀಜ ಊರಿದಳು. ನಲವತ್ತು ಕುಣಿಗಳಿದ್ದವು ಎಂದು ನನ್ನ ನೆನಪು. ಕುಣಿಯೊಳಗೆ ಮುಖ ಇಟ್ಟರೆ ತಂಪು, ಮಳೆ ಬಿದ್ದ ವಾಸನೆ. ಪಡುವಣ ದಿಕ್ಕಿಗೆ, ಕುಣಿಗಳಿಂದ ಐದಾರು ಹೆಜ್ಜೆ ದೂರ, ತೊಗರಿ ಕಟ್ಟಿಗೆಯ ಬೇಲಿ ಕಟ್ಟಿದಳು. ಕಟ್ಟಿಗೆ ಕಟ್ಟಿಗೆ ನಡುವೆ ಎರಡು ಬೆರಳು ಸಂದು.

"ಚಿಗವ್ವಾ, ಸಂದಿನ್ಯಾಗ ಉಸುಕು ಬರ್ತದಲ್ಲ?"

"ಬರ್ಲಿ. ಬಂದು ಬೇಲಿ ಬುಡಕ್ಕ ಕೂಡ್ತದ. ಗಾಳಿಗಿ ಹಾದಿ ಬಿಡಬೇಕವ್ವ. ಪೂರಾ ಅಡ್ಡ ನಿಂತ್ರ ಕೆಡವತದ."

ಕೇಳಿಸಿಕೊಂಡೆ. ಅರ್ಥವಾಗಲಿಲ್ಲ. ಬಳ್ಳಿಗಳು ಹೂ ಬಿಟ್ಟು, ಲಿಂಬೆ ಗಾತ್ರದ ಕಾಯಿ ಹಿಡಿದವು. ಒಂದು ದಿನ ಚಿಗವ್ವ ಕೊಡ ಹೊತ್ತು ನೀರಿಗೆ ಹೋಗಿದ್ದಳು. ಗಾಳಿ ಜೋರಾಗಿತ್ತು. ಎಲೆಗಳ ಮೇಲೆ ಉಸುಕು ಕಂಡು ನನಗೆ ಸಂಕಟವಾಯಿತು. ಗೊಬ್ಬರ ತಂದಿದ್ದ ಗೋಣಿತಟ್ಟಿನ ಚೀಲಗಳನ್ನು ಹರಿದು, ಹರಿದು, ಬೇಲಿಯ ಆ ತುದಿಯಿಂದ ಈ ತುದಿಯವರೆಗೆ ಸಂದುಗಳಲ್ಲಿ ತುರುಕಿದೆ. ಎಲೆಗಳು ಅಲುಗುವುದು ನಿಂತಿತು. ಆಕೆ ಬಂದು ನೋಡಿ ಖುಷಿಪಡಲಿ ಎಂದು ಏನೂ ಹೇಳದೆ, ಉರಿಬಿಸಿಲಿಗೆ ಮನೆಗೆ ಓಡಿದೆ. ಆಕೆ ಅವತ್ತು ಬಳ್ಳಿಗಳ ಕಡೆ ಬಾರದೆ, ನೀರಿನಿಂದ ನೇರ ಮನೆಗೆ ಹಿಂತಿರುಗಿದಳಂತೆ. ಕಣ್ಣು ಬಿಡಲಾಗದಷ್ಟು ಗಾಳಿ ಎದ್ದಿತ್ತು.

ಗಾಳಿ ತಗ್ಗಿದ ಮೇಲೆ ಎಲ್ಲರೂ ಹೋದೆವು. ಬೇಲಿ ಮಕಾಡೆ ಬಿದ್ದಿತ್ತು. ಅದರ ಬೆನ್ನಿಗೆ ರಾಶಿಯಾಗಿದ್ದ ಉಸುಕೆಲ್ಲ ಜರಿದು ಕುಣಿಗಳ ಮೇಲೆ ಹರಡಿ, ನುಣ್ಣಗೆ, ಬಾಚಿದ ಕೂದಲಿನ ಹಾಗೆ ಗೆರೆಗೆರೆಯಾಗಿತ್ತು. ಚಂದ ಕಾಣುತ್ತಿತ್ತು. ನಾನು ಗಾಳಿಯನ್ನು ಬೈದೆ. ಚಿಗವ್ವ ಬಾಗಿ ಏನನ್ನೋ ಎಳೆದು, ಸೆರಗಿನಲ್ಲಿ ಸುತ್ತಿಕೊಂಡಳು. ಅದು ತಟ್ಟಿನ ಚೂರಾಗಿತ್ತೇ, ಬಾಡಿದ ಬಳ್ಳಿಯಾಗಿತ್ತೇ, ಎಷ್ಟು ಸಲ ಕಣ್ಣು ಮುಚ್ಚಿ ನೋಡಿದರೂ ತಿಳಿಯುವುದಿಲ್ಲ.

"ಬೇಲಿ ಕಟ್ಟಾಕೂ ಬರಲ್ಲ ನಿನಗ," ಎಂದ ಮಾಮಾ.

"ಹೌದು, ಬರಲ್ಲ," ಎಂದಳು ಚಿಗವ್ವ.

ಸೂಟಿ ಮುಗಿಯುವ ಮೊದಲೇ ಬಂಡಿ ಕಟ್ಟಿದರು.

ಹನ್ನೆರಡು ಹದಿಮೂರು ವರ್ಷಗಳ ನಂತರ, ಭೂಗೋಳದ ಎಂ.ಎ. ತರಗತಿಯಲ್ಲಿ ಮರುಭೂಮಿಯ ಪಾಠ. ಮೇಷ್ಟ್ರು ಬೋರ್ಡಿನ ಮೇಲೆ ದಿಬ್ಬ ಬರೆದರು: ಸಾವಕಾಶ ಏರು, ಕಡಿದಾದ ಇಳಿಜಾರು, ಎರಡು ಕೊಂಬು. ನನ್ನ ಆಟದ ದಿಬ್ಬವೇ. ಆಮೇಲೆ ಬೇಲಿ ಬರೆದು, ಗಾಳಿ ನುಸುಳಲು ಸಂದು ಇರಲೇಬೇಕು, ಪೂರ್ತಿ ಮುಚ್ಚಿದರೆ ಒತ್ತಡ ತಡೆಯುವುದಿಲ್ಲ ಎಂದರು. ನಾನು ಟಿಪ್ಪಣಿ ಬರೆಯುತ್ತಿದ್ದವಳು ಪೆನ್ನು ಕೆಳಗಿಟ್ಟೆ. ಅವತ್ತಿನವರೆಗೂ ಆ ಬೇಸಿಗೆಯ ಕತೆಯಲ್ಲಿ ನಾನು ಚಿಗವ್ವನಿಗೆ ನೆರವಾದ ಹುಡುಗಿಯಾಗಿದ್ದೆ.

ಅವ್ವನನ್ನು ಕೇಳಿದರೆ, "ಯಾವ ಚೀಲಾ? ಆ ವರ್ಷ ಗಾಳಿನೇ ಹಂಗಿತ್ತು. ಓದಿ ಓದಿ ತಲಿ ಕೆಡಿಸ್ಕೊಂಡಿ," ಅನ್ನುತ್ತಾಳೆ. ಪಾಠ ಕೇಳಿದ ಮೇಲೆ ನಾನೇ ಚೀಲಗಳನ್ನು ಹುಟ್ಟಿಸಿಕೊಂಡೆನೇ? ಹಾಗಾದರೆ ಹರಿಯುವಾಗ ಮೂಗಿಗೆ ಬಂದ ತಟ್ಟಿನ ಧೂಳು ಎಲ್ಲಿಯದು?

ಪರೀಕ್ಷಿಸಲು ಈಗ ಅಲ್ಲಿ ಏನೂ ಇಲ್ಲ. ಟಿಪ್ಪರುಗಳು ಉಸುಕನ್ನು ಕೆರೆದು ಒಯ್ದಿವೆ. ಬಂಡೆ, ಜೇಡಿ, ಪಾಚಿಗಟ್ಟಿದ ಗುಂಡಿಗಳು ಉಳಿದಿವೆ. ಪಡುವಣ ಗಾಳಿ ಅದೇ ಹೊತ್ತಿಗೆ ಏಳುತ್ತದೆ. ರೂಪ ಕೊಡಲು ಅದರ ಕೈಗೆ ಏನೂ ಸಿಗುವುದಿಲ್ಲ.

ಚಿಗವ್ವ ಶಹಾಪುರದಲ್ಲಿ ಗಂಡನ ಮನೆಯಲ್ಲೇ ಇದ್ದಾಳೆ. ಎಡಗೈ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಹೇಗಾಯಿತೆಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕಳೆದ ಬೇಸಿಗೆ ಹೋಗಿದ್ದೆ. ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಕಲ್ಲು ಆರಿಸಿದೆ. ಕೊನೆಗೆ ಕೇಳಿದೆ. ಆಕೆ ಮೊರವನ್ನು ಬಲಗೈಗೆ ಬದಲಿಸಿ, ಬೆಳಕಿನ ಕಡೆ ತಿರುಗಿ ಕೇರತೊಡಗಿದಳು. ಕತ್ತಲಾಗುವ ಮೊದಲು ಬಸ್ಸಿಗೆ ಎದ್ದೆ. ಆಕೆ ಬಾಗಿಲ ತನಕ ಬಂದು ನನ್ನ ಚೀಲಕ್ಕೆ ಎರಡು ಸೇರು ತೊಗರಿ ಸುರಿದಳು. ಆಮೇಲೆ ಎರಡು ಸಲ ಹೋಗಿದ್ದೇನೆ.

ನಾನು ಕೇಳಿದ್ದು ಇಷ್ಟು: "ಚಿಗವ್ವಾ, ಅವತ್ತು ಮಾಮಾನ ಮುಂದ ನನ್ನ ಹೆಸರು ಯಾಕ ಹೇಳಲಿಲ್ಲ?"