ನೆಲಕ್ಕಿಟ್ಟು ಕೊಡುವ ಕುಡುಗೋಲು

ನಮ್ಮ ಮನೆಯ ಹಿತ್ತಲ ಬಾಗಿಲ ಸಂದಿನಲ್ಲಿ ಒಂದು ಕುಡುಗೋಲು ಸಿಕ್ಕಿಸಿರುತ್ತದೆ. ಅವ್ವ ಕೇಳಿದಾಗ ನಾನು ತೆಗೆದು ಕೈಗೆ ನೀಡಿದರೆ ಅವಳು ಕೈಯೊಡ್ಡುವುದಿಲ್ಲ. ನೆಲಕ್ಕಿಡಬೇಕು, ಅವಳೇ ಬಗ್ಗಿ ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ದಾಟಿದ ಕುಡುಗೋಲು ಜಗಳ ತರುತ್ತದಂತೆ. ಪದವಿ ಮುಗಿಸಿದ ಹುರುಪಿನಲ್ಲಿ ನಾನು ಅವಳ ಸೊಂಟನೋವನ್ನೇ ಸಾಕ್ಷಿಗೆ ಕರೆದು ಈ ಕಟ್ಟಳೆಯ ವಿರುದ್ಧ ಎಷ್ಟೋ ಸಲ ವಾದಿಸಿದ್ದುಂಟು. ಈಗ ವಾದಿಸುವುದಿಲ್ಲ. ಕಾರಣ ಹೇಳುತ್ತೇನೆ, ಕೂತುಕೊಳ್ಳಿ. ಹೇಳುವಾಗ ಅವತ್ತಿನ ದಿಗಿಲು ಇನ್ನೂ ಮರಳಿ ಬರುತ್ತದೆ, ಜೊತೆಗೆ ನಗುವೂ ಬರುತ್ತದೆ. ಎರಡೂ ಒಟ್ಟಿಗೆ ಬಂದರೆ ಟೀ ಚೆಲ್ಲುತ್ತದೆ, ಆದ್ದರಿಂದ ಲೋಟವನ್ನು ಮೊದಲೇ ಕೆಳಗಿಟ್ಟಿದ್ದೇನೆ.

ಗುಂಡ್ಲುಪೇಟೆಯಲ್ಲಿ ನಮ್ಮದು ಮೂವರ ಕಚೇರಿ: ಹಂಗಳದ ಸಿದ್ದರಾಜು, ಉಮ್ಮತ್ತೂರಿನ ಮಂಗಳಾ, ಮತ್ತು ನಾನು. ಚೆಂಡುಹೂ ಬೆಳೆಯುವವರು ತಮ್ಮ ಹೂವನ್ನು ತೂಕಕ್ಕೆ ತರುವ ಸರದಿಯನ್ನು ಫೋನಿನಲ್ಲೇ ಗೊತ್ತು ಮಾಡಿಕೊಳ್ಳುವ ಜಾಲತಾಣವೊಂದನ್ನು ನಾವು ನಡೆಸುತ್ತೇವೆ. ಅದು ವಾಸಿಸುವುದು ಎಲ್ಲೋ ದೂರದ ಕಟ್ಟಡದ ಸರ್ವರ್ ಎಂಬ ಯಂತ್ರದಲ್ಲಿ. ನಾವು ಇಲ್ಲಿಂದ ಒಂದೊಂದು ಸಾಲಿನ ಆಜ್ಞೆ ಬರೆದು ಅದನ್ನು ಮಾತನಾಡಿಸುತ್ತೇವೆ. ಅದರೊಳಗೆ ಕಡತಗಳಿಗೆ ಬೇರೆ ಬೇರೆ ಕೋಣೆಗಳಿವೆ, ಸರದಿಗೊಂದು, ಕಸಕ್ಕೊಂದು; ಯಾವ ಕೋಣೆಯಲ್ಲಿ ನಿಂತು ಬರೆದೆವೋ ಸಾಲು ಆ ಕೋಣೆಯ ಮೇಲೆಯೇ ಕೆಲಸ ಮಾಡುತ್ತದೆ.

ಈ ಒಂದೊಂದು ಸಾಲಿನ ಮಹಿಮೆಯನ್ನು ಏನೆಂದು ಬಣ್ಣಿಸಲಿ? ಯಾವ ಕಡತ ಹೊಟ್ಟೆಬಾಕನಂತೆ ಜಾಗ ತಿಂದಿದೆ ಎಂದು ಚಾಡಿ ಹೇಳುವ ಸಾಲು ಒಂದು, ಮೈಮರೆತು ಮಲಗಿದ ಸರ್ವರನ್ನು ಎಬ್ಬಿಸುವ ಸಾಲು ಇನ್ನೊಂದು. ಜಾಲತಾಣದ ಪುಟದ ನಟ್ಟನಡುವೆ ಪೆಟ್ಟಿಗೆಯೊಂದನ್ನು ನಿಲ್ಲಿಸುವ ಸಾಲಂತೂ, ಒಲ್ಲದ ಮದುವಣಿಗನನ್ನು ಹಸೆಮಣೆಗೆ ಕೂರಿಸಿದಷ್ಟೇ ಪುಣ್ಯದ್ದು. ಇಂಥ ತುಣುಕುಗಳನ್ನು ಯಾರೂ ಬಾಯಿಪಾಠ ಮಾಡುವುದಿಲ್ಲ. ಮೊದಲು ಬರೆದವರು ಯಾರೋ, ತಿದ್ದಿದವರು ಯಾರೋ, ಕಡ ತಂದ ಹೆಪ್ಪಿನ ಹಾಗೆ ಅವು ಮನೆಯಿಂದ ಮನೆಗೆ ಹೋಗುತ್ತಲೇ ಇರುತ್ತವೆ. ನಮ್ಮಲ್ಲಿ ಮಂಗಳಾ ಅವನ್ನೆಲ್ಲ ಒಂದೆಡೆ ಕೂಡಿಟ್ಟಿದ್ದಳು. ನಾವು ಅದನ್ನು ಸಾಂಬಾರ ಡಬ್ಬಿ ಎನ್ನುತ್ತಿದ್ದೆವು; ಬೇಕಾದವರು ಬೇಕಾದ್ದನ್ನು ಚಿಟಿಕೆಯಷ್ಟು ತೆಗೆದುಕೊಳ್ಳಬಹುದು. ಒಂದೇ ನಿಯಮ: ಅಪಾಯದ ಸಾಲಾದರೆ ಪಕ್ಕದವರು ಓದಿ, ಬಸ್ಸಿನ ಕಂಡಕ್ಟರಂತೆ 'ರೈಟ್' ಎಂದ ಮೇಲೆಯೇ ಎಂಟರ್ ಒತ್ತಬೇಕು.

ಓಣಂ ಹತ್ತಿರವಿತ್ತು. ಕೇರಳದ ವ್ಯಾಪಾರಿಗಳ ಲಾರಿಗಳು ಸಾಲುಗಟ್ಟಿದ್ದವು. ಹೂ ತುಂಬಿದ ಆಟೋಗಳಿಂದ ಬೀದಿಗೆ ಬೀದಿಯೇ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅಂಥ ಬೆಳಿಗ್ಗೆ ಸರ್ವರಿನಲ್ಲಿ ಜಾಗ ತುಂಬಿ ಸರದಿ ಕರೆಯುವುದು ನಿಂತುಹೋಯಿತು. ನಕಲು ತೆಗೆದಿಡುವ ಕೆಲಸವೂ ಜಾಗವಿಲ್ಲದೆ ನಿಂತಿದ್ದರಿಂದ ಆ ವಾರದ ಸರದಿಗೆ ಬೇರೆಲ್ಲೂ ಪ್ರತಿ ಇರಲಿಲ್ಲ. ಮಂಗಳಾ ಇನ್ನೂ ಬಸ್ಸಿನಲ್ಲಿದ್ದಳು. ಸಿದ್ದರಾಜುವಿನ ಚಿಕ್ಕವ್ವ ರಾಜಮ್ಮ, ಬೆಳಕು ಹರಿಯುವ ಮುನ್ನವೇ ಹೂ ಕೊಯ್ದು ತಂದಿದ್ದವರು, ಕಿಟಕಿಯಲ್ಲಿ ಮುಖವಿಟ್ಟರು.

"ಏನ್ಲಾ ಸಿದ್ದ, ನನ್ ನಂಬರ್ ಕರಿಯದೇ ಇಲ್ವಲ್ಲ. ಮದ್ಯಾನಕ್ಕೆ ಹೂವ ಬಾಡೋದ್ರೆ ನಿನ್ ಕಂಪ್ಯೂಟರ್‌ಗೆ ಮುಡಿಸ್ಲಾ?"

"ಒಂದ್ ಗಳ್ಗೆ ತಡಿ ಚಿಕ್ಕವ್ವ, ಕಸ ಗುಡಿಸ್ತಾ ಇವ್ನಿ" ಎಂದ ಸಿದ್ದರಾಜು, ಡಬ್ಬಿಯಿಂದ 'ಹಳೆಯ ಕಡತ ಅಳಿಸುವುದು' ಎಂಬ ತುಣುಕನ್ನು ಎತ್ತಿ ಅಂಟಿಸಿದ. ನಾನು ಓದಲು ಕನ್ನಡಕ ಏರಿಸುತ್ತಿದ್ದೆ. ಆದರೆ ನಕಲು ಮಾಡುವಾಗ ಸಾಲಿನ ಕೊನೆಯ ಎಂಟರ್ ಕೂಡ ಬಾಲದಂತೆ ಅಂಟಿಕೊಂಡು ಬಂದಿತ್ತು. ನನ್ನ 'ರೈಟ್'ಗೆ ಕಾಯದೆ ಬಸ್ಸು ಹೊರಟೇಬಿಟ್ಟಿತು. ಆಗಲೇ ಇಬ್ಬರಿಗೂ ಕಂಡದ್ದು, ನಾವು ನಿಂತಿದ್ದುದು ಕಸದ ಕೋಣೆಯಲ್ಲಲ್ಲ, ಸರದಿಯ ಕೋಣೆಯಲ್ಲಿ. ಪರದೆಯ ಮೇಲೆ, ಒಂದೊಂದಾಗಿ ಅಳಿಯುತ್ತಿವೆ ಎಂಬಂತೆ, ಹೆಸರುಗಳು ಸರಸರನೆ ಹರಿದವು. ಹಂಗಳದವರು, ಸಂತೆಮರಹಳ್ಳಿಯವರು, ನಡುವೆ ಮಿಂಚಿ ಮಾಯವಾದ ರಾಜಮ್ಮ. ಅದೊಂದು ಹೆಸರು ಈಗಲೂ ನಾನು ಕಣ್ಣು ಮುಚ್ಚಿದರೆ ಮೇಲೇರಿ ಹೋಗುತ್ತದೆ, ಹೊಳೆಯಲ್ಲಿ ಕೊಚ್ಚಿಹೋಗುವವರ ಕೈಯಂತೆ.

ಹೆಸರುಗಳು ನಿಂತವು. ಸಿದ್ದರಾಜು ಕುರ್ಚಿಯಿಂದ ಜಾರಿ ನೆಲದಲ್ಲಿ ಕೂತ.

"ಕೋಣೆ ತೆಗ್ದು ನೋಡನ ಕಣ್ಲಾ, ಏನಾರ ಉಳ್ದಿದ್ದದೇನೋ" ಎಂದೆ.

"ನೀನೇ ನೋಡು. ಸತ್ತೋರ ಮಕ ನೋಡಕ್ಕೆ ನನ್ ಕೈಲಿ ಆಗಕಿಲ್ಲ."

ನನ್ನ ಕೈಯಲ್ಲೂ ಆಗಲಿಲ್ಲ. ಯಾರು ಮೊದಲು ಬಂದರು, ಯಾರು ಆಮೇಲೆ ಎಂಬುದಕ್ಕೆ ಇನ್ನು ಲೋಕದಲ್ಲಿ ಪುರಾವೆಯಿಲ್ಲ. ಹೊರಗೆ ಅಷ್ಟು ಜನ, ಅಷ್ಟು ಹೂ, ಏರುತ್ತಿರುವ ಬಿಸಿಲು. ವ್ಯಾಪಾರಿಗಳು ಬೇರೆ ಊರಿನತ್ತ ಲಾರಿ ತಿರುಗಿಸಿದರೆ ಅಷ್ಟೂ ಹೂ ತಿಪ್ಪೆಗೆ. ಕಿಟಕಿಯಾಚೆ ರಾಜಮ್ಮ ತಮ್ಮ ಮೂಟೆಗಳಿಗೆ ಗೋಣಿತಾಟು ಒದ್ದೆ ಮಾಡಿ ಹೊದಿಸುತ್ತಿದ್ದರು, ಮಗುವಿಗೆ ಜ್ವರದ ಪಟ್ಟಿ ಹಾಕುವಷ್ಟು ಮೆತ್ತಗೆ.

ಅಷ್ಟರಲ್ಲಿ ಮಂಗಳಾ ಊಟದ ಬ್ಯಾಗು ಹಿಡಿದು ಒಳಬಂದವಳು ನೆಲದ ಮೇಲಿದ್ದ ಸಿದ್ದರಾಜುವನ್ನು ದಾಟಿ, ಪರದೆ ನೋಡಿ, ಬ್ಯಾಗು ಗೋಡೆಗೆ ಆನಿಸಿದಳು. ನಾನು ತೊದಲುತ್ತಾ ನಡೆದದ್ದನ್ನು ಹೇಳಿದೆ. ಅವಳು ಒಂದು ಪುಟ್ಟ ಸಾಲು ಬರೆದಳು. ಕೋಣೆ ತೆರೆಯಿತು. ಎಲ್ಲರೂ ಒಳಗಿದ್ದರು. ರಾಜಮ್ಮನೂ.

"ಎದ್ದೇಳು ಸಿದ್ದಣ್ಣ. ಅದು ಹಾಜರಿ ಕೂಗ್ಯದೆ ಕಣ, ಯಾರ್ನೂ ಕೊಂದಿಲ್ಲ."

"ಅಳಿಸೋದು ಅಂತ ನೀನೇ ಬರ್ದಿದ್ದಲ್ಲ ಕಣಮ್ಮಿ?"

"ಕುಡ್ಗೋಲ ಯಾರಾದ್ರೂ ಕೈಗ್ ಕೊಟ್ಟಾರ? ನೆಲಕ್ಕಿಕ್ತಾರೆ. ಡಬ್ಬೀಲಿರೋ ಕುಯ್ಯೋ ಸಾಲಲ್ಲೆಲ್ಲ ಅಳಿಸೋ ಪದ ಕಿತ್ಬುಟ್ಟು, ಬರೀ ಹೆಸ್ರು ತೋರ್ಸೋ ಅಂಗೆ ಮಾಡಿವ್ನಿ. ಕುಯ್ಲೇಬೇಕು ಅನ್ನೋನು ಹೆಸ್ರು ನೋಡ್ಕಂಡು, ಆ ಪದವ ತಾನೇ ಬಗ್ಗಿ ಬರ್ಕಳ್ಳಲಿ."

ನಾನು ನಕ್ಕೆ. ನಗು ನಿಲ್ಲಲಿಲ್ಲ, ಸಿದ್ದರಾಜು ನನ್ನ ಮಂಡಿ ಹಿಡಿದುಕೊಂಡು ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಎದ್ದ. ಕಸದ ಕೋಣೆಗೆ ಹೋಗಿ, ಹೆಸರುಗಳನ್ನು ಒಂದೊಂದಾಗಿ ನೋಡಿ, ಅಳಿಸುವ ಪದವನ್ನು ಒಂದೊಂದೇ ಅಕ್ಷರ ಒತ್ತಿ ಬರೆದು, ಕೈ ಎರಡನ್ನೂ ಮೇಲೆತ್ತಿ ನನ್ನತ್ತ ತಿರುಗಿದ. ನನ್ನ 'ರೈಟ್' ಬೀದಿಗೂ ಕೇಳಿಸಿರಬೇಕು. ಅವನು ಎಂಟರ್ ಒತ್ತಿದ, ಸರ್ವರಿನಲ್ಲಿ ಜಾಗವಾಯಿತು, ತೂಕದವರು ಮತ್ತೆ ಸರದಿ ಕರೆಯತೊಡಗಿದರು. ಕಿತ್ತಳೆ ಬೀದಿ ಅಲುಗಿತು, ಹರಿಯಿತು. ಬಿಸಿಲು ನೆತ್ತಿಗೇರುವ ಮೊದಲೇ ಹೂ ತೂಗಿಸಿ ಬಂದ ರಾಜಮ್ಮ ಕಿಟಕಿಯಿಂದ ಒಂದು ಚೆಂಡುಹೂ ನೀಡಿ, "ಯಾವ್ ಕಂಪ್ಯೂಟರ್‌ಗೆ ಮುಡಿಸ್ಬೇಕು ಹೇಳು" ಎಂದರು. ಒಳಗೆ ಎಷ್ಟು ಹೊತ್ತು ಅವರ ಹೆಸರು ಸತ್ತು ಬಿದ್ದಿತ್ತು ಎಂಬುದನ್ನು ನಾವ್ಯಾರೂ ಹೇಳಲಿಲ್ಲ.

ಗೆಳೆಯರೇ, ಕೈಯಿಂದ ಕೈಗೆ ದಾಟುವಷ್ಟು ಸಲೀಸಾದದ್ದು ಈ ಲೋಕದಲ್ಲಿ ಎಷ್ಟೊಂದಿದೆ: ಯಾರೋ ಕಳಿಸಿದ ಸುದ್ದಿ, ಯಾರೋ ಕೊಟ್ಟ ಸಲಹೆ, ಯಾರೋ ಆಡಿದ ಚುಚ್ಚುಮಾತು. ನೆಲ ಮುಟ್ಟದೆ ಬಂದದ್ದನ್ನು ನಾವು ನೆಲ ಮುಟ್ಟಿಸದೆ ಮುಂದೆ ದಾಟಿಸುತ್ತೇವೆ. ಬಗ್ಗಿ ಎತ್ತಿಕೊಳ್ಳುವುದು ಸೊಂಟಕ್ಕೆ ತ್ರಾಸವೇ, ನಿಜ. ಆದರೆ ಬಗ್ಗುವಷ್ಟು ಹೊತ್ತಾದರೂ ಕಣ್ಣು ಅಲಗಿನ ಮೇಲಿರುತ್ತದೆ.

ಇವತ್ತು ಬೆಳಿಗ್ಗೆ ಅವ್ವ ಹುಲ್ಲಿಗೆ ಹೊರಟು ಕುಡುಗೋಲು ಕೇಳಿದಳು. ನಾನು ತೆಗೆದು, ಹಿಡಿ ಅವಳ ಕಡೆ ಬರುವಂತೆ ನೆಲಕ್ಕಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.

"ಏನ್ಲಾ, ಇವತ್ತು ಲಾ ಪಾಯಿಂಟು ಇಲ್ವಾ?" ಎಂದು ಅವ್ವ ನನ್ನನ್ನೇ ದಿಟ್ಟಿಸಿದಳು.

"ಮೊದ್ಲು ಕೆಳಗ್ ನೋಡವ್ವ" ಎಂದೆ. ಅವಳು ಬಗ್ಗಿ, ನೋಡಿ, ಹಿಡಿ ಹಿಡಿದಳು. ನನಗರಿವಿಲ್ಲದೆಯೇ ಬಾಯಿಂದ 'ರೈಟ್' ಬಂದುಬಿಟ್ಟಿತು.